ಬಿಬಿಸಿ ಮೈಕ್ರೋವನ್ನು ಎಸ್‌ಡಿ ಕಾರ್ಡ್‌ನಿಂದ ಬೂಟ್ ಮಾಡಿದ್ದು: ನನ್ನ ಅನುಭವ

ನನ್ನ ಬಳಿ ಇರುವುದು ಬಿಬಿಸಿ ಮೈಕ್ರೋ ಮಾಡೆಲ್ ಬಿ, ಎಂಬತ್ತರ ದಶಕದ ಬ್ರಿಟಿಷ್ ಕಂಪ್ಯೂಟರ್. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, 32 ಕೆ ರ‍್ಯಾಮ್. ಫ್ಲಾಪಿ ಡ್ರೈವ್ ಇಲ್ಲ, ಡಿಸ್ಕ್ ಕಂಟ್ರೋಲರ್ ಚಿಪ್ಪೂ ಇಲ್ಲ. ತಯಾರಕ ಕಂಪನಿ ಏಕಾರ್ನ್ 1981ರ ಡಿಸೆಂಬರಿನಲ್ಲಿ ಇದನ್ನು ಮಾರುಕಟ್ಟೆಗೆ ಬಿಟ್ಟಾಗ ಡಿಸ್ಕ್ ಬೇಕೆಂದರೆ ಬೇರೆ ದುಡ್ಡು ಕೊಟ್ಟು ಹಾಕಿಸಬೇಕಿತ್ತು, ಇಲ್ಲದವರಿಗೆ ಕ್ಯಾಸೆಟ್ಟೇ ಗತಿ. ನಮ್ಮ ದೇಶದಲ್ಲಿ 1984ರಲ್ಲಿ ಶುರುವಾದ ಕ್ಲಾಸ್ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ಹೋದದ್ದು ಇದೇ ಯಂತ್ರ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ ಯೂನಿಕಾರ್ನ್ ಎಂಬ ಹೆಸರಿನಲ್ಲಿ ಜೋಡಿಸುತ್ತಿತ್ತು. ಹಾಗಾಗಿ ಹಳೆಯ ಶಾಲೆಯ ಉಗ್ರಾಣದಲ್ಲಿ ನಿಮಗೊಂದು ಸಿಕ್ಕರೆ ಇಲ್ಲಿ ಹೇಳುವುದು ಅದಕ್ಕೂ ಹೊಂದುತ್ತದೆ.

ಮೊದಲ ಕೆಲಸ ಪವರ್ ಸಪ್ಲೈ. ಅದರೊಳಗೆ ಮೇನ್ಸ್ ಲೈನಿಗೆ ಅಡ್ಡಲಾಗಿ ಎರಡು ಪೇಪರ್ ಕೆಪಾಸಿಟರ್‌ಗಳಿವೆ, ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ನಲವತ್ತು ವರ್ಷದಲ್ಲಿ ಅವುಗಳ ಮೇಲಿನ ಪಾರದರ್ಶಕ ಹೊದಿಕೆ ಬಿರುಕು ಬಿಟ್ಟು ತೇವ ಒಳಗೆ ಇಳಿದಿರುತ್ತದೆ. ಪ್ಲಗ್ ಹಾಕಿದ ಸ್ವಲ್ಪ ಹೊತ್ತಿಗೆ ದಟ್ಟ ಹೊಗೆ ಬರುವುದು ಇಲ್ಲಿಂದಲೇ. ಎರಡನ್ನೂ ಹೊಸ ಎಕ್ಸ್2 ವರ್ಗದವುಗಳಿಗೆ (ಮೇನ್ಸ್‌ಗೆ ಅಡ್ಡಲಾಗಿ ಹಾಕಲೆಂದೇ ಇರುವ ಸುರಕ್ಷತಾ ವರ್ಗ) ಬದಲಾಯಿಸಿದ ಮೇಲೆಯೇ ಸ್ವಿಚ್ ಹಾಕಿದೆ. ಮೇನ್ಸ್ ಭಾಗ ಮುಟ್ಟಿ ರೂಢಿ ಇಲ್ಲದವರು ಇದನ್ನು ರಿಪೇರಿ ಗೊತ್ತಿರುವವರ ಕೈಗೆ ಕೊಡಿ. ಸ್ವಿಚ್ ಹಾಕಿದಾಗ ಸಣ್ಣದಾಗಿ ಎರಡು ಸ್ವರ ಬಂದು ನಿಂತರೆ ಯಂತ್ರ ಬದುಕಿದೆ ಎಂದರ್ಥ. ಒಂದೇ ಸ್ವರ ಎಳೆದುಕೊಂಡೇ ಇದ್ದರೆ ಕಾರ್ಡ್ ವಿಷಯ ಬದಿಗಿಟ್ಟು ಬೋರ್ಡ್ ನೋಡಬೇಕು.

ಕಾರ್ಡ್ ಕೂರುವುದು ಯೂಸರ್ ಪೋರ್ಟಿನಲ್ಲಿ. ಯಂತ್ರದ ಅಡಿಯಲ್ಲಿರುವ ಈ 20 ಪಿನ್ನಿನ ಕನೆಕ್ಟರ್‌ನ ಹಿಂದೆ ಇರುವುದು 6522, ಹೊರಗಿನ ಸಾಧನಗಳೊಡನೆ ಸಿಗ್ನಲ್ ಕೊಟ್ಟು ತೆಗೆದುಕೊಳ್ಳುವ ಚಿಪ್. ಬೆಸ ಸಂಖ್ಯೆಯ ಪಿನ್‌ಗಳಲ್ಲಿ 1 ಮತ್ತು 3 ಐದು ವೋಲ್ಟ್, ಉಳಿದವೆಲ್ಲ ಗ್ರೌಂಡ್. ಸಮ ಸಂಖ್ಯೆಯವು ಸಿಗ್ನಲ್‌ಗಳು: 2 ಸಿಬಿ1, 4 ಸಿಬಿ2, 6ರಿಂದ 20ರವರೆಗೆ ಪಿಬಿ0ಯಿಂದ ಪಿಬಿ7. ನಾನು ಜೋಡಿಸಿದ್ದು ಹೀಗೆ: 6ನೇ ಪಿನ್ ಕಾರ್ಡಿನ ಡೇಟಾ ಇನ್‌ಗೆ, 8 ಕ್ಲಾಕ್‌ಗೆ, 4 ಡೇಟಾ ಔಟ್‌ಗೆ. 8ರಿಂದಲೇ ಇನ್ನೊಂದು ತಂತಿ 2ಕ್ಕೆ. ಈ ತಂತಿಯನ್ನು ಮರೆಯುವವರೇ ಹೆಚ್ಚು. 6522ರ ಶಿಫ್ಟ್ ರಿಜಿಸ್ಟರ್ ಸಿಬಿ1ರ ಮೇಲೆ ಬರುವ ಪ್ರತಿ ಕ್ಲಾಕಿಗೆ ಸಿಬಿ2ರಿಂದ ಒಂದೊಂದು ಬಿಟ್ ಒಳಗೆಳೆದುಕೊಳ್ಳುತ್ತದೆ. ಆ ತಂತಿ ಇಲ್ಲದಿದ್ದರೆ ಕಾರ್ಡ್ ಉತ್ತರ ಕೊಟ್ಟರೂ ಕೇಳಿಸಿಕೊಳ್ಳುವವರಿಲ್ಲ. ಕಾರ್ಡಿಗೆ ‘ಈಗ ನಿನ್ನೊಡನೆ ಮಾತು’ ಎಂದು ಹೇಳುವ ಚಿಪ್ ಸೆಲೆಕ್ಟ್ ಪಿನ್ ನೇರ ಗ್ರೌಂಡಿಗೆ, ಏಕೆಂದರೆ ಆ ಸಾಲಿನಲ್ಲಿ ಬೇರೆ ಯಾವ ಸಾಧನವೂ ಇಲ್ಲ.

ಕಾರ್ಡ್ 3.3 ವೋಲ್ಟಿನದು, ಯಂತ್ರ 5 ವೋಲ್ಟಿನದು. 1.8 ಕೆ ಮತ್ತು 3.3 ಕೆ ರೆಸಿಸ್ಟರ್ ಜೋಡಿಯಿಂದ ವೋಲ್ಟೇಜ್ ಇಳಿಸುವ ಉಪಾಯ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಕಟ್ಟಿ ನೋಡಿ ಬಿಚ್ಚಿದೆ. ಕಾರ್ಡ್ ಒಮ್ಮೆ ಸಿಗುತ್ತಿತ್ತು, ಒಮ್ಮೆ ಇಲ್ಲ. ಕಾರಣ ಲೆಕ್ಕದಲ್ಲೇ ಇದೆ. ಹಳೆಯ 6522 ‘ಹೈ’ ಎಂದು ಕೊಡುವುದು ಪೂರ್ತಿ 5 ವೋಲ್ಟ್ ಅಲ್ಲ. 100 ಮೈಕ್ರೋಆಂಪಿಯರ್ ಹೊರೆಗೆ 2.4 ವೋಲ್ಟ್ ಎಂಬುದಷ್ಟೇ ಅದರ ಖಾತರಿ, ಆಮೇಲೆ ಏನು ಬಂದರೂ ಅದೃಷ್ಟ. ಆ 2.4 ಈ ರೆಸಿಸ್ಟರ್‌ಗಳನ್ನು ದಾಟಿದರೆ ಉಳಿಯುವುದು 1.55. ಕಾರ್ಡ್ ‘ಹೈ’ ಎಂದು ಒಪ್ಪಬೇಕಾದರೆ 2.06 ಬೇಕು.

ಹಾಗಾಗಿ 74ಎಲ್‌ವಿಸಿ125 ಬಫರ್ ಮತ್ತು 3.3 ವೋಲ್ಟ್ ರೆಗ್ಯುಲೇಟರ್ ಎರಡೂ ಇರುವ ಸಿದ್ಧ ಕಾರ್ಡ್ ಮಾಡ್ಯೂಲ್ ತಂದೆ. ಆರ್ಡುಯಿನೋ ಸಾಮಾನು ಮಾರುವ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವಾಗ ಬೋರ್ಡ್ ಮೇಲೆ 14 ಕಾಲಿನ ಚಿಪ್ ಇದೆಯೇ ನೋಡಿ. ಬರೀ ರೆಸಿಸ್ಟರ್‌ಗಳಿರುವುದು ಬೇಡ. 3.3 ವೋಲ್ಟಿನಲ್ಲಿ ಓಡುವ ಈ ಚಿಪ್ 5 ವೋಲ್ಟನ್ನು ತಾಳಿಕೊಳ್ಳುತ್ತದೆ, 2 ವೋಲ್ಟ್ ಬಂದರೂ ‘ಹೈ’ ಎಂದೇ ಓದುತ್ತದೆ. ವಾಪಸು ಬರುವ ದಾರಿಯಲ್ಲಿ ತೊಂದರೆಯಿಲ್ಲ, ಕಾರ್ಡಿನ 3.3 ವೋಲ್ಟ್ 6522ಕ್ಕೆ ಧಾರಾಳ. ರಿಬ್ಬನ್ ಕೇಬಲ್ 15 ಸೆಂಟಿಮೀಟರ್ ಮೀರದಂತೆ ನೋಡಿಕೊಂಡೆ, ಮಾಡ್ಯೂಲ್ ಬಳಿಯೇ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಬೆಸುಗೆ ಹಾಕಿದೆ.

ಕಾರ್ಡ್ ಹಾಕುವ ಮೊದಲು ತಂತಿಗಳನ್ನು ಯಂತ್ರದಲ್ಲೇ ಇರುವ ಪ್ರೋಗ್ರಾಮಿಂಗ್ ಭಾಷೆ ಬೇಸಿಕ್‌ನಿಂದಲೇ ಪರೀಕ್ಷಿಸಿ. ?&ಎಫ್‌ಇ62=3 ಎಂದು ಒತ್ತಿದರೆ ಪಿಬಿ0, ಪಿಬಿ1 ಎರಡೂ ಔಟ್‌ಪುಟ್ ಆಗುತ್ತವೆ. ?&ಎಫ್‌ಇ60=1 ಎಂದರೆ 6ನೇ ಪಿನ್ ಮಾತ್ರ ಏರಬೇಕು, =2 ಎಂದರೆ 8 ಮತ್ತು 2 ಒಟ್ಟಿಗೆ. ಮಲ್ಟಿಮೀಟರಿನಲ್ಲಿ ಎರಡು ನಿಮಿಷದ ಕೆಲಸ. 1ನೇ ಪಿನ್ನಿನಲ್ಲಿ ನನಗೆ 4.6 ವೋಲ್ಟ್ ಬರುತ್ತಿತ್ತು. ಪವರ್ ಸಪ್ಲೈಯಿಂದ ಬೋರ್ಡಿಗೆ ಬರುವ ಕೆಂಪು, ಕಪ್ಪು ತಂತಿಗಳ ಚಪ್ಪಟೆ ತುದಿಗಳನ್ನು ಉಜ್ಜಿ ಹಾಕಿದ ಮೇಲೆ 4.95ಕ್ಕೆ ಬಂತು. (ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಕೀಬೋರ್ಡಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು.)

ಇನ್ನು ರಾಮ್, ಅಂದರೆ ತಂತ್ರಾಂಶವನ್ನು ಕಾಯಂ ಆಗಿ ಹಿಡಿದಿಡುವ ಚಿಪ್ (ಆರ್‌ಓಎಂ; ಮೇಲೆ ಹೇಳಿದ ಆರ್‌ಎಎಂ ಬೇರೆ). ಕಾರ್ಡ್ ಓದುವ ತಂತ್ರಾಂಶ ಎಂಎಂಎಫ್‌ಎಸ್, ಗಾತ್ರ 16 ಕೆ. ಮಾಡೆಲ್ ಬಿಯ ಯೂಸರ್ ಪೋರ್ಟಿಗೆಂದು ಇರುವ ಆವೃತ್ತಿಯನ್ನೇ ಆರಿಸಬೇಕು. 27ಸಿ128 ಎಂಬ 16 ಕೆಯ ಖಾಲಿ ಚಿಪ್ ಸಿಕ್ಕರೆ ನೇರ ಬರೆಯಬಹುದು. ನನಗೆ ಸಿಕ್ಕಿದ್ದು 64 ಕೆಯ 27ಸಿ512. ಅದರಲ್ಲಿ ಅದೇ 16 ಕೆಯನ್ನು ಒಂದರ ಹಿಂದೊಂದು ನಾಲ್ಕು ಸಲ ಬರೆದೆ. ಹೆಚ್ಚುವರಿ ಎರಡು ವಿಳಾಸದ ಕಾಲುಗಳು ಸಾಕೆಟ್ಟಿನಲ್ಲಿ ಯಾವ ಮಟ್ಟದಲ್ಲಿದ್ದರೂ ಆಗ ಸರಿಯಾದ ಪ್ರತಿಯೇ ಕಾಣುತ್ತದೆ. ಫಿಕ್ಸ್ ಎಂದು ಬರೆದಿರುವ ನಾಲ್ಕು ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ತೆಗೆದು, ಕೀಬೋರ್ಡ್ ಸಡಿಲಿಸಿ ಎತ್ತಿದರೆ ಸಾಕೆಟ್‌ಗಳು ಕಾಣುತ್ತವೆ: ಐಸಿ52, 88, 100, 101. ಯಂತ್ರ ಏಳುವಾಗ ಆಪರೇಟಿಂಗ್ ಸಿಸ್ಟಂ ಮೇಲಿನ ಸಂಖ್ಯೆಯ ರಾಮ್‌ನಿಂದ ಶುರುಮಾಡಿ ಒಂದೊಂದನ್ನೇ ‘ನೀನು ಬೂಟ್ ಮಾಡುತ್ತೀಯಾ’ ಎಂದು ಕೇಳುತ್ತಾ ಬರುತ್ತದೆ. ಅದಕ್ಕೇ ಹೊಸ ಚಿಪ್ ಐಸಿ101ರಲ್ಲಿ, ಅಲ್ಲಿಯೇ ಮೊದಲ ಪ್ರಶ್ನೆ. ಪಕ್ಕದ ಬೇಸಿಕ್ ಚಿಪ್ಪಿನ ಕಚ್ಚು ಯಾವ ಕಡೆಗಿದೆಯೋ ಇದರದ್ದೂ ಆ ಕಡೆಗೇ ಇರಲಿ. *ಹೆಲ್ಪ್ ಎಂದಾಗ ಎಂಎಂಎಫ್‌ಎಸ್ ಹೆಸರು ಬಂದರೆ ಚಿಪ್ ಸರಿ ಕೂತಿದೆ.

ಕಾರ್ಡ್ 2 ಜಿಬಿ, ಫ್ಯಾಟ್16 ಫಾರ್ಮ್ಯಾಟ್. ಅದರಲ್ಲಿ ಬೀಬ್.ಎಂಎಂಬಿ ಎಂಬ ಒಂದೇ ಫೈಲ್. ಮೊದಲ 8,192 ಬೈಟ್ ಪಟ್ಟಿ, ಅದರ ಹಿಂದೆ 511 ಫ್ಲಾಪಿಗಳು, ಒಂದೊಂದೂ 2,04,800 ಬೈಟ್, ಒಟ್ಟು 10,46,60,992. ನಿಮ್ಮ ಫೈಲಿನ ಗಾತ್ರ ಇದಕ್ಕೆ ತಾಳೆಯಾಗದಿದ್ದರೆ ಅದು ಅರ್ಧ ಕಾಪಿಯಾಗಿದೆ. ಎಲ್ಲಕ್ಕಿಂತ ಹೆಚ್ಚು ಕಾಡಿದ ತೊಂದರೆಯೂ ಈ ಫೈಲಿನದೇ. ಎಂಎಂಎಫ್‌ಎಸ್ ಫೈಲ್ ಎಲ್ಲಿ ಶುರುವಾಗುತ್ತದೆಂದು ನೋಡಿ ಅಲ್ಲಿಂದ ಲೆಕ್ಕ ಹಾಕಿ ನೆಗೆಯುತ್ತದೆ, ಫೈಲಿನ ತುಂಡುಗಳು ಎಲ್ಲೆಲ್ಲಿವೆ ಎಂದು ತೋರಿಸುವ ಫ್ಯಾಟ್ ಕೊಂಡಿಗಳನ್ನು ಹಿಂಬಾಲಿಸುವುದಿಲ್ಲ. ಫೋಟೋಗಳಿದ್ದ ಕಾರ್ಡಿಗೆ ಕಾಪಿ ಮಾಡಿದಾಗ ಫೈಲ್ ತುಂಡಾಗಿ ಅಲ್ಲಲ್ಲಿ ಕೂತಿತ್ತು. ಮೊದಲ ನಲವತ್ತು ಡಿಸ್ಕ್ ಚೆನ್ನಾಗಿ ಓಡಿ ಆಮೇಲಿನವುಗಳಲ್ಲಿ ಬರೀ ಕಸ. ತಂತಿಯ ದೋಷ ಹೀಗೆ ಒಂದು ಗೆರೆ ಎಳೆದಂತೆ ಬರುವುದಿಲ್ಲ. ಕಾರ್ಡನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ, ಮೊಟ್ಟಮೊದಲು ಈ ಫೈಲ್ ಹಾಕಿದರೆ ಮುಗಿಯಿತು.

ಬೂಟ್ ಡಿಸ್ಕ್‌ಗೆ: *ಡಿಐಎನ್ 0 0 ಎಂದು ಸೊನ್ನೆಯ ಡಿಸ್ಕನ್ನು ಸೊನ್ನೆಯ ಡ್ರೈವಿಗೆ ಹಾಕಿ, *ಬಿಲ್ಡ್ !ಬೂಟ್ ಎಂದು ಶುರುಮಾಡಿ, ಚೈನ್ "ಮೆನು" ಎಂಬ ಸಾಲು (ಮೆನು ಎಂಬ ಪ್ರೋಗ್ರಾಂ ಓಡಿಸುವ ಆದೇಶ) ಬರೆದು ಎಸ್ಕೇಪ್ ಒತ್ತಿದೆ. ಅನಂತರ *ಆಪ್ಟ್ 4,3. ಇದಿಲ್ಲದೆ !ಬೂಟ್ ಫೈಲ್ ಇದ್ದೂ ಓಡುವುದಿಲ್ಲ. *ಡಿಆನ್‌ಬೂಟ್ 0 0 ಎಂದರೆ ಪ್ರತಿ ಸಲ ಅದೇ ಡಿಸ್ಕ್ ಮುಂದೆ ಬರುತ್ತದೆ. ಆಮೇಲೆ ಶಿಫ್ಟ್ ಹಿಡಿದು ಬ್ರೇಕ್ ಒತ್ತಿ ಬಿಟ್ಟು, ಒಂದು ಕ್ಷಣ ಕಳೆದು ಶಿಫ್ಟ್ ಬಿಡಬೇಕು. ಎರಡನ್ನೂ ಒಟ್ಟಿಗೆ ಬಿಟ್ಟರೆ ಬೂಟ್ ತಪ್ಪುತ್ತದೆ.

ಕ್ಯಾಸೆಟ್ಟಿನಲ್ಲಿ ಓಡುತ್ತಿದ್ದ ಕೆಲವು ಪ್ರೋಗ್ರಾಂ ಇಲ್ಲಿ ಜಾಗ ಸಾಲದೆ ನಿಲ್ಲುತ್ತವೆ. ಎಂಎಂಎಫ್‌ಎಸ್ ತನ್ನ ಕೆಲಸಕ್ಕೆ ರ‍್ಯಾಮ್ ತೆಗೆದುಕೊಂಡು ಪ್ರೋಗ್ರಾಂ ಶುರುವಾಗುವ ಜಾಗವನ್ನು &ಇ00ಯಿಂದ &1900ಕ್ಕೆ ತಳ್ಳುತ್ತದೆ (ಇವು ಹದಿನಾರರ ಲೆಕ್ಕದಲ್ಲಿ, ಅಂದರೆ ಹೆಕ್ಸ್‌ನಲ್ಲಿ, ಬರೆದ ವಿಳಾಸಗಳು). ಮೋಡ್ 2 ಎಂಬ ಪ್ರದರ್ಶನ ವಿಧಾನದ ಪರದೆ &3000ದಲ್ಲೇ ಶುರುವಾಗುವುದರಿಂದ 8,704 ಬೈಟ್ ಇದ್ದದ್ದು 5,888ಕ್ಕೆ ಇಳಿಯುತ್ತದೆ. ಸೈಡ್‌ವೇಸ್ ರ‍್ಯಾಮ್ ಬೋರ್ಡ್ (ರಾಮ್ ಸಾಕೆಟ್‌ಗಳ ಜಾಗದಲ್ಲಿ ಕೆಲಸ ಮಾಡುವ ಹೆಚ್ಚುವರಿ ರ‍್ಯಾಮ್) ಹಾಕಿ ಅದಕ್ಕೆಂದೇ ಇರುವ ಎಂಎಂಎಫ್‌ಎಸ್ ಆವೃತ್ತಿ ಬಳಸಿದರೆ ಆ ಜಾಗ ವಾಪಸು ಸಿಗುತ್ತದೆ. ಕಾರ್ಡಿಗೆ ಬರೆಯುತ್ತಿರುವಾಗ ಬ್ರೇಕ್ ಒತ್ತಿದರೆ ಚಿಪ್ ಸೆಲೆಕ್ಟ್ ಗ್ರೌಂಡಿನಲ್ಲೇ ಇರುವ ಕಾರಣ ಕಾರ್ಡ್ ಕೆಲವೊಮ್ಮೆ ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಮತ್ತೆ ಮತ್ತೆ ಬ್ರೇಕ್ ಒತ್ತಿ ಫಲವಿಲ್ಲ. ಸ್ವಿಚ್ ಆರಿಸಿ ಹತ್ತು ಸೆಕೆಂಡ್ ಬಿಟ್ಟು ಹಾಕಿ.