ಬಾಟಲಿಯ ಹಿಂಬದಿ ಓದುವುದು ಹೇಗೆ: ಹಾಕಿ ತಂಡದ ನೀರಿನ ಹೊಣೆ ಹೊತ್ತವರಿಗೆ, ಗೇಟೊರೇಡ್ ಕಥೆಯ ಸಮೇತ

ಬೇಸಿಗೆಯಲ್ಲಿ ಕೊಡಗಿನ ಕೌಟುಂಬಿಕ ಹಾಕಿ ಹಬ್ಬ ಹತ್ತಿರ ಬಂತೆಂದರೆ, ಪ್ರತಿ ಒಕ್ಕದಲ್ಲೂ (ಕೊಡವ ಮನೆತನದಲ್ಲೂ) ಸ್ಟಿಕ್ ಹಿಡಿಯುವವರ ಜೊತೆಗೆ ನೀರಿನ ಕ್ಯಾನ್ ಹೊರುವವನೊಬ್ಬ ತಾನಾಗಿಯೇ ಗೊತ್ತಾಗಿಬಿಡುತ್ತಾನೆ. ನಮ್ಮ ಮನೆತನದ ತಂಡದಲ್ಲಿ ಆ ಕೆಲಸ ನನ್ನದು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಈ ಹಬ್ಬವನ್ನು ಆರಂಭಿಸಿದಾಗ 60 ಕುಟುಂಬಗಳ ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದವು. ಅಷ್ಟು ಜನ ಸೇರುವ ಕಡೆ ಬಣ್ಣಬಣ್ಣದ ಕ್ರೀಡಾ ಪಾನೀಯಗಳೂ ಬರದೇ ಇರುವುದಿಲ್ಲ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವಾಗ ಮನೆಯಲ್ಲೇ ಬೆರೆಸಿಕೊಂಡರೆ ಸಾಕು ಎಂಬುದನ್ನು ಈ ಹೊಣೆ ಹೊತ್ತ ಇತರರಿಗಾಗಿ ಇಲ್ಲಿ ಬರೆದಿದ್ದೇನೆ. ಇದಕ್ಕೆ ಒಂದು ಬ್ರ್ಯಾಂಡಿನ ಚರಿತ್ರೆ ತಿಳಿದಿರಬೇಕು. ಏಕೆಂದರೆ ಬಾಟಲಿಯ ಮುಂಬದಿಯಲ್ಲಿ ಇರುವುದೆಲ್ಲ ಕಂಪನಿಗಳ ಜಗಳ, ಕುಡಿಯುವ ಪದಾರ್ಥ ಏನೆಂಬುದು ಇರುವುದು ಹಿಂಬದಿಯಲ್ಲಿ.

ಮೊದಲು ಈ ಪಾನೀಯ ಯಾವ ತೊಂದರೆಗೆ ಮದ್ದಾಗಿ ಹುಟ್ಟಿತು ಎಂಬುದನ್ನು ತಿಳಿದುಕೊಳ್ಳಿ. 1965ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಸಹಾಯಕ ತರಬೇತುದಾರ ಡ್ವೇನ್ ಡಗ್ಲಸ್, ಅಲ್ಲಿನ ಮೂತ್ರಪಿಂಡ ತಜ್ಞ ಡಾ. ರಾಬರ್ಟ್ ಕೇಡ್ ಅವರ ತಂಡದ ಮುಂದೆ ಒಂದು ಪ್ರಶ್ನೆಯಿಟ್ಟರು: ನಮ್ಮ ಆಟಗಾರರು ಪಂದ್ಯದ ವೇಳೆ ಮೂತ್ರ ವಿಸರ್ಜನೆಗೇ ಹೋಗುವುದಿಲ್ಲವಲ್ಲ, ಯಾಕೆ? ಉತ್ತರ ಸರಳವಾಗಿತ್ತು. ಫ್ಲೋರಿಡಾದ ಸೆಕೆಯಲ್ಲಿ, ಮೈತುಂಬ ರಕ್ಷಾಕವಚ ತೊಟ್ಟು ಓಡುವವರ ದೇಹದ ನೀರೆಲ್ಲ ಬೆವರಾಗಿ ಹೋಗುತ್ತಿತ್ತು, ಮೂತ್ರಕ್ಕೆ ಉಳಿಯುತ್ತಲೇ ಇರಲಿಲ್ಲ. ಬೆವರಿನ ಜೊತೆ ಉಪ್ಪಿನಂಶವೂ ಹೋಗುತ್ತಿತ್ತು, ರಕ್ತದ ಸಕ್ಕರೆಯೂ ಇಳಿಯುತ್ತಿತ್ತು. ಕೇಡ್ ಮತ್ತು ಅವರ ಸಹೋದ್ಯೋಗಿಗಳಾದ ಡಾನಾ ಶೈರ್ಸ್, ಜೇಮ್ಸ್ ಫ್ರೀ, ಅಲೆಹಾಂದ್ರೋ ದೆ ಕೆಸಾದಾ ಸೇರಿ ನೀರು, ಉಪ್ಪು, ಸಕ್ಕರೆ ಬೆರೆಸಿದ ದ್ರಾವಣವೊಂದನ್ನು ತಯಾರಿಸಿದರು. ಅದನ್ನು ಬಾಯಿಗಿಡುವುದೇ ಕಷ್ಟವಾದಾಗ, ನಿಂಬೆರಸ ಹಿಂಡಿ ನೋಡಿ ಎಂದು ಸೂಚಿಸಿದವರು ಕೇಡ್ ಅವರ ಪತ್ನಿ ಮೇರಿ. ನಮ್ಮ ಅಜ್ಜಿಯರಿಗೆ ಈ ಸಲಹೆ ಕೇಳಿ ನಗು ಬಂದೀತು. ಕಾಫಿ ತೋಟದ ಕೆಲಸ ಮುಗಿಸಿ ಬಂದವರಿಗೆ ಅವರು ಕೊಡುತ್ತಿದ್ದ ಶರಬತ್ತೂ ಹೆಚ್ಚುಕಡಿಮೆ ಅದೇ.

ವಿಶ್ವವಿದ್ಯಾಲಯದ ತಂಡಕ್ಕೆ ಗೇಟರ್ಸ್ ಎಂಬ ಹೆಸರಿದ್ದುದರಿಂದ ಪಾನೀಯಕ್ಕೆ ಗೇಟೊರೇಡ್ ಎಂಬ ಹೆಸರು ಬಂತು. 1967ರ ಜನವರಿಯಲ್ಲಿ ಆರೆಂಜ್ ಬೌಲ್ ಪಂದ್ಯದಲ್ಲಿ ಫ್ಲೋರಿಡಾ ತಂಡ ಜಾರ್ಜಿಯಾ ಟೆಕ್ ತಂಡವನ್ನು 27–12ರಿಂದ ಸೋಲಿಸಿದ ಮೇಲೆ, ಸೋತ ತಂಡದ ತರಬೇತುದಾರರೇ ತಮ್ಮ ಬಳಿ ಆ ಪಾನೀಯ ಇರಲಿಲ್ಲವೆಂದು ಕಾರಣ ಕೊಟ್ಟದ್ದು ಅದಕ್ಕೆ ದೊರೆತ ಮೊದಲ ದೊಡ್ಡ ಪ್ರಚಾರ. ಅದೇ ವರ್ಷ ಸ್ಟೋಕ್ಲಿ–ವ್ಯಾನ್ ಕ್ಯಾಂಪ್ ಎಂಬ ಆಹಾರ ಕಂಪನಿ ಹಕ್ಕು ಪಡೆಯಿತು. ಲಾಭ ಕಂಡ ಮೇಲೆ ವಿಶ್ವವಿದ್ಯಾಲಯವೂ ಪಾಲು ಕೇಳಿತು. ಕಾನೂನು ಜಗ್ಗಾಟ ರಾಜಿಯಲ್ಲಿ ಮುಗಿದು, ರಾಯಧನದ (ರಾಯಲ್ಟಿಯ) ಶೇ. 20ರಷ್ಟು ವಿಶ್ವವಿದ್ಯಾಲಯಕ್ಕೆ ಸೇರುವಂತಾಯಿತು. 1983ರಲ್ಲಿ ಕ್ವೇಕರ್ ಓಟ್ಸ್ ಕಂಪನಿಯು ಸ್ಟೋಕ್ಲಿಯನ್ನೇ ಕೊಂಡಿತು.

ಎರಡನೆಯ ಹೆಜ್ಜೆಯಾಗಿ, ಮುಂಬದಿಯ ಮಾತುಗಳನ್ನು ಪಕ್ಕಕ್ಕಿಡುವುದನ್ನು ಕಲಿಯಬೇಕು. ಇದಕ್ಕೆ ಪೈಪೋಟಿಯ ಕಥೆಗಿಂತ ಒಳ್ಳೆಯ ಪಾಠವಿಲ್ಲ. ಕೋಕಾ–ಕೋಲಾ ಕಂಪನಿ 1988ರಲ್ಲಿ ಪವರೇಡ್ ಅನ್ನು ಹೊರತಂದು ಒಲಿಂಪಿಕ್ಸ್ ಅಂಗಳಕ್ಕೆ ಕೊಂಡೊಯ್ದಿತು. ಗೇಟೊರೇಡ್ ಅದಾಗಲೇ 1983ರಿಂದ ಅಮೆರಿಕನ್ ಫುಟ್‌ಬಾಲ್ ಲೀಗಿನ ಅಂಚಿನಲ್ಲಿ ಬೇರೂರಿತ್ತು. 1991ರಲ್ಲಿ ಬಾಸ್ಕೆಟ್‌ಬಾಲ್ ತಾರೆ ಮೈಕಲ್ ಜೋರ್ಡನ್‌ರನ್ನೂ ತನ್ನ ಮುಖವಾಗಿಸಿಕೊಂಡಿತು. ಗೆದ್ದ ತಂಡದವರು ತಮ್ಮ ತರಬೇತುದಾರರ ತಲೆಯ ಮೇಲೆ ಇಡೀ ಡ್ರಮ್ಮಿನ ಗೇಟೊರೇಡ್ ಸುರಿಯುವ ಪದ್ಧತಿ 1980ರ ದಶಕದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದಿಂದ ಹೆಸರಾಯಿತು, ಕಂಪನಿಗೆ ಕಾಸು ಖರ್ಚಿಲ್ಲದ ಜಾಹೀರಾತೂ ಆಯಿತು. 2000ದ ಕೊನೆಯಲ್ಲಿ ಕ್ವೇಕರ್ ಮಾರಾಟಕ್ಕೆ ಬಂದಾಗ ಕೋಕಾ–ಕೋಲಾದ ಆಡಳಿತ ಮಂಡಳಿ ಖರೀದಿಗೆ ಒಪ್ಪದೆ ಕೈಬಿಟ್ಟಿತು; 2001ರಲ್ಲಿ ಪೆಪ್ಸಿಕೊ ಸುಮಾರು 1,300 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಕ್ವೇಕರ್ ಅನ್ನು, ಅದರೊಡನೆ ಗೇಟೊರೇಡ್ ಅನ್ನು ತನ್ನದಾಗಿಸಿಕೊಂಡಿತು. ಕೋಲಾ ಕಂಪನಿಗಳ ಹಳೆಯ ಹಗೆ ಅಲ್ಲಿಂದ ಆಟದ ಮೈದಾನಕ್ಕೂ ಇಳಿಯಿತು. ಕೋಕಾ–ಕೋಲಾ 2021ರಲ್ಲಿ 560 ಕೋಟಿ ಡಾಲರ್ ತೆತ್ತು ಬಾಡಿಆರ್ಮರ್ ಬ್ರ್ಯಾಂಡನ್ನು ಪೂರ್ತಿಯಾಗಿ ಕೊಂಡದ್ದೂ ಇದೇ ಹೋರಾಟದ ಭಾಗ.

ಈ ಜಗಳದಲ್ಲಿ ನಮಗೆ ಬೇಕಾದ ಪಾಠವಿರುವುದು 2009ರ ಮೊಕದ್ದಮೆಯೊಂದರಲ್ಲಿ. ಪವರೇಡ್ ತನ್ನ ಹೊಸ ಬಾಟಲಿಗೆ ಅಲ್ಪಸ್ವಲ್ಪ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿಸಿ, ತಾನೇ ಪರಿಪೂರ್ಣ ಪಾನೀಯವೆಂದೂ, ಎದುರಾಳಿಯಲ್ಲಿ ಎರಡು ಲವಣಗಳ ಕೊರತೆಯಿದೆಯೆಂದೂ ಸಾರಿತು. ಜಾಹೀರಾತಿನಲ್ಲಿ ಗೇಟೊರೇಡ್ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ ತೋರಿಸಿತು. ಗೇಟೊರೇಡ್ ಪರವಾಗಿ, ಆಗ ಪೆಪ್ಸಿಕೊ ಕೈಯಲ್ಲಿದ್ದ ಸ್ಟೋಕ್ಲಿ ನ್ಯಾಯಾಲಯಕ್ಕೆ ಹೋಯಿತು. ನ್ಯೂಯಾರ್ಕಿನ ನ್ಯಾಯಾಲಯ ಆಗಸ್ಟ್‌ನಲ್ಲಿ ತಡೆಯಾಜ್ಞೆ ನಿರಾಕರಿಸಿತು; ಅದು ಕೊಟ್ಟ ಕಾರಣಗಳಲ್ಲಿ ಒಂದು, ಗೇಟೊರೇಡ್ ಕೂಡ ಹಿಂದೆ ತನ್ನ ಇನ್ನೊಂದು ಉತ್ಪನ್ನಕ್ಕೆ ಇಂಥದೇ ಹೆಗ್ಗಳಿಕೆ ಹೇಳಿಕೊಂಡಿತ್ತು ಎಂಬುದು. ಬೆವರಿನಲ್ಲಿ ಮುಖ್ಯವಾಗಿ ಕಳೆದುಹೋಗುವ ಲವಣ ಸೋಡಿಯಂ, ಅಂದರೆ ನಮ್ಮ ಅಡುಗೆ ಉಪ್ಪಿನ ಅಂಶ. ಉಳಿದವು ಬೆವರಿನಲ್ಲಿ ಹೋಗುವುದು ಬಹಳ ಕಡಿಮೆ, ಊಟದಿಂದ ಮರಳಿ ಬರುತ್ತವೆ. ಹಾಗಾಗಿ ಎಷ್ಟು ಬಗೆಯ ಲವಣಗಳಿವೆ ಎಂದು ಮುಂಬದಿ ಕೂಗಿಕೊಂಡರೆ ಕಿವಿಗೊಡಬೇಡಿ, ಸೋಡಿಯಂ ಎಷ್ಟಿದೆ ಎಂದು ತಿರುಗಿಸಿ ನೋಡಿ. ನಮ್ಮ ದೇಶದಲ್ಲೂ ಪೈಪೋಟಿಗೆ ಬರವಿಲ್ಲ: 2023ರ ವಿಶ್ವಕಪ್ ಕ್ರಿಕೆಟ್ ವೇಳೆ ಕೋಕಾ–ಕೋಲಾ ಲಿಮ್ಕಾ ಸ್ಪೋರ್ಟ್ಸ್ ಅನ್ನು ಮುಂದಿಟ್ಟಿತು, 2025ರಲ್ಲಿ ರಿಲಯನ್ಸ್ ಮುತ್ತಯ್ಯ ಮುರಳೀಧರನ್ ಜೊತೆಗೂಡಿ 10 ರೂಪಾಯಿಗೆ ಸ್ಪಿನ್ನರ್ ಎಂಬ ಪಾನೀಯ ತಂದಿತು. ಓದುವ ಕ್ರಮ ಎಲ್ಲಕ್ಕೂ ಒಂದೇ.

ಈಗ ಹಿಂಬದಿಗೆ ಬನ್ನಿ. ಪೋಷಕಾಂಶಗಳ ಪಟ್ಟಿಯಲ್ಲಿ 100 ಮಿಲಿಲೀಟರಿಗೆ ಎಂದು ಬರೆದಿರುವ ಕಾಲಂ ಮೇಲೆ ಬೆರಳಿಡಿ. ಬಾಟಲಿಯ ಗಾತ್ರ ಬೇರೆಬೇರೆ ಇರುವುದರಿಂದ ಹೋಲಿಕೆಗೆ ಬರುವುದು ಅದೊಂದೇ. ನೋಡಬೇಕಾದ ಸಾಲುಗಳು ಎರಡು. ಕಾರ್ಬೋಹೈಡ್ರೇಟ್ ಸಾಲಿನಲ್ಲಿ 6 ಗ್ರಾಂ ಆಸುಪಾಸಿನ ಸಂಖ್ಯೆಯಿದ್ದರೆ ಅದು ಗೇಟೊರೇಡ್ ಮಾದರಿಯ ಪಾನೀಯ. 8 ಗ್ರಾಂ ದಾಟಿತೆಂದರೆ ಹೊಟ್ಟೆಯಿಂದ ಕರುಳಿಗೆ ಇಳಿಯುವುದು ನಿಧಾನವಾಗುತ್ತದೆ. ಕೋಲಾಗಳಲ್ಲಿ ಇದು ಸುಮಾರು 10ರಿಂದ 11 ಗ್ರಾಂ ಇರುತ್ತದೆ, ಆದ್ದರಿಂದ ಅರ್ಧ ವಿರಾಮದಲ್ಲಿ ಕೋಲಾ ಕುಡಿದವನು ತೇಗುತ್ತಾ ಓಡುತ್ತಾನೆ. ಸೋಡಿಯಂ ಸಾಲಿನಲ್ಲಿ 40ರಿಂದ 60 ಮಿಲಿಗ್ರಾಂ ಇರಲಿ. ಅಲ್ಲಿ ಸೊನ್ನೆಯೋ ಒಂದಂಕಿಯೋ ಕಂಡರೆ, ಮುಂಬದಿಯಲ್ಲಿ ಯಾವ ಆಟಗಾರನ ಚಿತ್ರವಿದ್ದರೂ ಅದು ಬರಿಯ ಸಿಹಿನೀರು.

ಸಕ್ಕರೆಯೇ ಬೇಡ, ಉಪ್ಪುನೀರು ಸಾಲದೇ ಎಂದು ಕೇಳುವವರಿದ್ದಾರೆ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಹೋಗುವ ಬಾಗಿಲೊಂದಿದೆ, ಆ ಜೋಡಿಯ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು–ಗ್ಲೂಕೋಸ್ ದ್ರಾವಣ ಕುಡಿಸಿ ಜೀವ ಉಳಿಸಿದ್ದು ಇದೇ ತತ್ವದ ಬಲದಿಂದ. ಆದರೆ ಓಆರ್‌ಎಸ್ ಎಂದು ಕರೆಯುವ ಆ ಬಗೆಯ ದ್ರಾವಣ ಮತ್ತು ಕ್ರೀಡಾ ಪಾನೀಯ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಸೋಡಿಯಂ ಮಾತ್ರ ಕ್ರೀಡಾ ಪಾನೀಯದ ಮೂರು ಪಟ್ಟಿಗೂ ಹೆಚ್ಚು. ವಾಂತಿಭೇದಿಗೆ ಓಆರ್‌ಎಸ್, ಓಟಕ್ಕೆ ಇನ್ನೊಂದು. ಅಂಗಡಿಯಲ್ಲಿ ಸಿಹಿ ಪಾನೀಯಗಳೂ ಓಆರ್‌ಎಸ್ ಹೆಸರಿನಲ್ಲಿ ನಿಂತಿದ್ದ ಕಾಲವಿತ್ತು. ಆ ಸೂತ್ರವನ್ನು ಪಾಲಿಸದ ಪಾನೀಯಗಳು ಹೆಸರಿನಲ್ಲಿ ಆ ಪದ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ವರ್ಷ ಗ್ಲೂಕೋಸ್ ಪುಡಿಯ ಡಬ್ಬಗಳನ್ನು ತಂದು, ಹುಡುಗರಿಗೆ ಶಕ್ತಿ ಬರಲಿ ಎಂದು ಅಳತೆಯ ಎರಡರಷ್ಟು ಪುಡಿಯನ್ನು ಕ್ಯಾನಿಗೆ ಸುರಿದೆ. ನೀರು ಮೋಡ ಕವಿದಂತೆ ಬೆಳ್ಳಗಾಯಿತು, ಸೌಟು ತಿರುಗಿಸಿದರೆ ತಳದಲ್ಲಿ ಪುಡಿ ಮರಳಿನಂತೆ ಉರುಳುತ್ತಿತ್ತು. ದ್ವಿತೀಯಾರ್ಧ ಶುರುವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ನಮ್ಮ ಸೆಂಟರ್ ಹಾಫ್ ಹೊಟ್ಟೆ ಹಿಡಿದುಕೊಂಡು ಅಂಚಿನ ಗೆರೆಯ ಹೊರಗೆ ಕುಳಿತ, ಅವನ ಹಿಂದೆಯೇ ಇನ್ನೊಬ್ಬ. ಡಬ್ಬದ ಹಿಂಬದಿಯಲ್ಲಿ ಎಲ್ಲ ಸರಿಯಾಗಿಯೇ ಬರೆದಿತ್ತು, ಓದದವನು ನಾನು. ಪಂದ್ಯ ಸೋತದ್ದಕ್ಕೆ ಗೋಲ್‌ಕೀಪರನ್ನು ಬೈದವರು ಯಾರೂ ಇರಲಿಲ್ಲ, ಎಲ್ಲರೂ ನನ್ನ ಕ್ಯಾನನ್ನೇ ನೋಡುತ್ತಿದ್ದರು.

ಆ ಮೇಲೆ ನಾನು ಅಳೆದೇ ಬೆರೆಸುತ್ತೇನೆ. ಹತ್ತು ಲೀಟರ್ ಕುದಿಸಿ ಆರಿಸಿದ ನೀರಿಗೆ 600 ಗ್ರಾಂ ಸಕ್ಕರೆ, 15 ಗ್ರಾಂ ಉಪ್ಪು, ಹತ್ತು ನಿಂಬೆಹಣ್ಣಿನ ರಸ. ತಕ್ಕಡಿಯಿಲ್ಲದಿದ್ದರೆ ಉಪ್ಪು ಮಟ್ಟಸವಾಗಿ ಎರಡೂವರೆ ಟೀ ಚಮಚ. ಗುಡ್ಡೆಯಾಗಿ ತುಂಬಿದ ಚಮಚದಿಂದ ಲೆಕ್ಕ ಕೆಡುತ್ತದೆ. ಸಕ್ಕರೆಯನ್ನು ಮೊದಲು ಒಂದು ಲೀಟರ್ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಉಳಿದ ನೀರಿಗೆ ಸೇರಿಸಿ. ನಾಲಿಗೆಗೆ ಉಪ್ಪು ಎದ್ದು ತೋರದೆ, ಇದೆಯೋ ಇಲ್ಲವೋ ಎಂಬಷ್ಟಿರಬೇಕು. ಕೊಡಗಿನ ಕಿತ್ತಳೆ ಸಿಕ್ಕರೆ ಎರಡು ಲೀಟರ್ ನೀರಿನ ಬದಲು ಎರಡು ಲೀಟರ್ ರಸ ಹಾಕಿ ಸಕ್ಕರೆಯನ್ನು 400 ಗ್ರಾಂಗೆ ಇಳಿಸಬಹುದು. ರುಚಿಯೂ ಹೆಚ್ಚು, ಪೊಟ್ಯಾಸಿಯಂ ಕೂಡ ಬರುತ್ತದೆ. ಹುಳಿಗೆ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಎರಡು ಹನಿ ಬಿಡೋಣವೇ ಎಂದು ಹಿರಿಯರೊಬ್ಬರು ಕೇಳಿದ್ದರು. ಅದು ಪಂದಿ ಕರಿಯಲ್ಲೇ (ಹಂದಿ ಮಾಂಸದ ಸಾರಿನಲ್ಲೇ) ಇರಲಿ ಎಂದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಬೇಕು.

ಯಾರಿಗೆ ಎಷ್ಟು ಎಂಬುದಕ್ಕೆ ತೂಕದ ಯಂತ್ರವೇ ಸಾಕ್ಷಿ. ಪಂದ್ಯದ ಮುಂಚೆ ಮತ್ತು ಅನಂತರ, ಬೆವರು ಒರೆಸಿ, ಅದೇ ಬಗೆಯ ಬಟ್ಟೆಯಲ್ಲಿ ತೂಗಿ. ಒಂದು ಕಿಲೋ ಇಳಿದಿದ್ದರೆ ಕುಡಿದದ್ದು ಸಾಲದೆ ಒಂದು ಲೀಟರ್ ನೀರು ಕಳೆದಿದೆ ಎಂದರ್ಥ. ಮುಂದಿನ ಪಂದ್ಯದ ಒಳಗೆ ಒಂದೂಕಾಲರಿಂದ ಒಂದೂವರೆ ಲೀಟರನ್ನು ನಿಧಾನವಾಗಿ ಕುಡಿಯಲಿ. ತೂಕ ಏರಿದ್ದರೆ ಅವನು ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದಾನೆ, ಇದನ್ನು ಹಗುರವಾಗಿ ಎಣಿಸಬೇಡಿ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷೆಗೊಳಪಟ್ಟ 488 ಓಟಗಾರರಲ್ಲಿ ಶೇ. 13ರಷ್ಟು ಮಂದಿಯ ರಕ್ತದಲ್ಲಿ ಸೋಡಿಯಂ ಅಪಾಯದ ಕಡೆಗೆ ಇಳಿದಿತ್ತು, ತೂಕ ಏರಿದವರಲ್ಲಿ ಈ ತೊಂದರೆ ಹೆಚ್ಚಾಗಿತ್ತು. ಕ್ರೀಡಾ ಪಾನೀಯ ಕುಡಿದರೂ ಇದರಿಂದ ಪಾರಿಲ್ಲ, ಅದರಲ್ಲಿರುವ ಸೋಡಿಯಂ ಬೆವರಿನಲ್ಲಿ ಇರುವುದಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ.

ದಿನಕ್ಕೆ ಒಂದೇ ಪಂದ್ಯ, ಹೊಟ್ಟೆಗೆ ಕಡುಬು ಬಿದ್ದಿದೆ, ಮೋಡ ಕವಿದಿದೆ ಎಂದಾದರೆ ಬರಿ ನೀರು ಸಾಕು. ಒಂದೇ ದಿನ ಎರಡು ಪಂದ್ಯ ಬಿದ್ದಾಗ, ಅಥವಾ ಒಂದು ಗಂಟೆ ಮೀರಿ ಬಿಸಿಲಿನಲ್ಲಿ ಓಡುವಾಗ ಕ್ಯಾನ್ ತೆರೆಯಿರಿ. ಗ್ಯಾಲರಿಯಲ್ಲಿ ಕುಳಿತು ಶಿಳ್ಳೆ ಹೊಡೆಯುವವರಿಗೂ ಮಕ್ಕಳಿಗೂ ಇದು ಬೇಡ; ಅರ್ಧ ಲೀಟರಿನಲ್ಲಿ 30 ಗ್ರಾಂ ಸಕ್ಕರೆಯಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿರುವ ಹಿರಿಯ ಆಟಗಾರರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕೆಫೀನ್ ಬೆರೆತ ಎನರ್ಜಿ ಡ್ರಿಂಕ್‌ಗಳನ್ನು ಈ ಸಾಲಿಗೆ ಸೇರಿಸಲೇಬೇಡಿ, ಅವು ಬೇರೆ ಜಾತಿ. ರೆಡ್ ಬುಲ್‌ನ 250 ಮಿಲಿಲೀಟರ್ ಡಬ್ಬಿಯೊಂದರಲ್ಲಿ ಸುಮಾರು 80 ಮಿಲಿಗ್ರಾಂ ಕೆಫೀನ್ ಇದೆ, ಸಕ್ಕರೆ ಕೋಲಾದಷ್ಟೇ.

ಬೆರೆಸಿದ ಪಾನೀಯ ಸಂಜೆಗೆ ಉಳಿದರೆ ಚೆಲ್ಲಿಬಿಡಿ. ಕ್ಯಾನಿನ ನಲ್ಲಿಯನ್ನು ಬಿಚ್ಚಿ ಬಿಸಿನೀರಿನಲ್ಲಿ ತೊಳೆದು, ಬೋರಲು ಹಾಕಿ ಒಣಗಿಸಿ. ಸಿಹಿ ಅಂಟಿದ ನಲ್ಲಿಗೆ ಬೆಳಗಾಗುವುದರೊಳಗೆ ಇರುವೆಗಳು ಮುತ್ತಿರುತ್ತವೆ.