ಡಾಸ್ ಲ್ಯಾಪ್‌ಟಾಪ್ ಯಾಕೆ ಅಗ್ಗ?

ತುಮಕೂರಿನಲ್ಲಿ ನನ್ನದು ಕಂಪ್ಯೂಟರ್ ಮಾರಾಟ ಮತ್ತು ರಿಪೇರಿ ಅಂಗಡಿ. ಪ್ರೊಸೆಸರ್ ಅದೇ, ರ‍್ಯಾಮ್ ಅದೇ, ಆದರೂ ಒಂದು ಲ್ಯಾಪ್‌ಟಾಪ್ ಅಗ್ಗ, ಯಾಕಣ್ಣಾ ಅಂತ ಕಾಲೇಜು ಹುಡುಗರು ಕೇಳುತ್ತಲೇ ಇರುತ್ತಾರೆ. ಅಗ್ಗದ್ದು ಡಾಸ್ ಮಾಡೆಲ್. ವಿಂಡೋಸ್ ಲೈಸೆನ್ಸ್ ಇರುವುದಿಲ್ಲ. ಹೆಸರಿಗೆ ಫ್ರೀಡಾಸ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿರುತ್ತಾರೆ, ಆನ್ ಮಾಡಿದರೆ ಕಪ್ಪು ಪರದೆ ಅಷ್ಟೇ.

ಸೆಕೆಂಡ್ ಹ್ಯಾಂಡ್ ಮಾಲು ಬಂದಾಗ ಲೈಸೆನ್ಸ್ ಇದೆಯಾ ಅಂತ ನಾನು ಬಾಯಿಮಾತು ನಂಬುವುದಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ (ಇದೂ ಪುಕ್ಕಟೆ ಆಪರೇಟಿಂಗ್ ಸಿಸ್ಟಂ) ಬೂಟ್ ಮಾಡಿ, ಎಸಿಪಿಐ ಟೇಬಲ್‌ಗಳ (ಮದರ್‌ಬೋರ್ಡ್ ತನ್ನ ಬಗ್ಗೆ ಕೊಡುವ ಮಾಹಿತಿ) ಫೋಲ್ಡರ್‌ನಲ್ಲಿ ಎಂಎಸ್‌ಡಿಎಂ ಅನ್ನುವ ಫೈಲ್ ಹುಡುಕುತ್ತೇನೆ. ವಿಂಡೋಸ್ 8 ಬಂದಾಗಿನಿಂದ ಕಂಪನಿಯವರು ಲೈಸೆನ್ಸ್ ಕೀಯನ್ನು ಮದರ್‌ಬೋರ್ಡಿನ ಬಯಾಸ್‌ನಲ್ಲೇ ಬರೆದು ಕಳಿಸುತ್ತಾರೆ. ಫೈಲ್ ತೆರೆದರೆ ಕೊನೆಯಲ್ಲಿ 25 ಅಕ್ಷರದ ಕೀ, ಐದೈದರ ಗುಂಪಾಗಿ ಕಾಣುತ್ತದೆ. ಆ ಕೀಗೆ ಸೇರಿದ ವಿಂಡೋಸ್ ಎಡಿಷನ್ನೇ ಹಾಕಿದರೆ ಗಿರಾಕಿ ಮತ್ತೆ ದುಡ್ಡು ಕೊಡಬೇಕಿಲ್ಲ.

ಕಂಪನಿಗಳು ವಿಂಡೋಸ್‌ಗೇ ಯಾಕೆ ಅಂಟಿಕೊಂಡಿವೆ ಅನ್ನುವುದಕ್ಕೆ ಹಳೇ ಕಥೆ ಇದೆ. ಒಂದು ಕಾಲದಲ್ಲಿ ಮೈಕ್ರೋಸಾಫ್ಟ್ ಜೊತೆಗಿನ ಒಪ್ಪಂದ ಹೇಗಿತ್ತೆಂದರೆ, ಮೈಕ್ರೋಸಾಫ್ಟ್‌ನ ಆಗಿನ ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್ ಹಾಕಲಿ ಬಿಡಲಿ, ಮಾರಿದ ಪ್ರತಿ ಮೆಷಿನ್‌ಗೂ ತಯಾರಕರು ದುಡ್ಡು ಕಟ್ಟಬೇಕಿತ್ತು. ಹಾಗಿರುವಾಗ ಅದರ ಪ್ರತಿಸ್ಪರ್ಧಿ ಡಿಆರ್-ಡಾಸ್ ಹಾಕಿದವನು ಎರಡು ಕಡೆ ಕಟ್ಟಬೇಕು, ಯಾರು ಹಾಕುತ್ತಾರೆ? 1994ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದನ್ನು ನಿಲ್ಲಿಸಿತು. ಆಮೇಲೂ ಹಿಡಿತ ಸಡಿಲ ಆಗಲಿಲ್ಲ. ಹಿಟಾಚಿ ತನ್ನ ಕಂಪ್ಯೂಟರಿನಲ್ಲಿ ವಿಂಡೋಸ್ ಪಕ್ಕ ಬಿ ಅನ್ನುವ ಕಂಪನಿಯ ಆಪರೇಟಿಂಗ್ ಸಿಸ್ಟಂ ಬಿಓಎಸ್ ಕೂಡ ತುಂಬಿ ಮಾರಿತು, ಆದರೆ ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುವ ಮೆನುವೇ ಇರಲಿಲ್ಲ! ಡಿಸ್ಕಿನಲ್ಲಿ ಇದೆ, ಕೊಂಡವನಿಗೆ ಗೊತ್ತೇ ಇಲ್ಲ. ಬಿ ಕಂಪನಿ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತು, 2003ರಲ್ಲಿ ರಾಜಿ ಆಗಿ ಸುಮಾರು 2.3 ಕೋಟಿ ಡಾಲರ್ ಸಿಕ್ಕಿತು. ಅಷ್ಟರಲ್ಲಿ ಬಿಓಎಸ್ ಕಥೆ ಮುಗಿದಿತ್ತು.

2007ರಲ್ಲಿ ಅಸುಸ್ ಲಿನಕ್ಸ್ ಹಾಕಿ Eee PC ಅನ್ನುವ ಪುಟ್ಟ ಲ್ಯಾಪ್‌ಟಾಪ್ (ನೆಟ್‌ಬುಕ್) ಬಿಟ್ಟಾಗ ಮೈಕ್ರೋಸಾಫ್ಟ್‌ಗೆ ಬಿಸಿ ಮುಟ್ಟಿತು, ಮುಗಿಸಬೇಕಿದ್ದ ಎಕ್ಸ್‌ಪಿಯನ್ನು ನೆಟ್‌ಬುಕ್‌ಗಳಿಗಾಗಿ ಇನ್ನಷ್ಟು ದಿನ ಉಳಿಸಿಕೊಂಡಿತು. ಪೈಪೋಟಿ ಇದ್ದರೆ ಹೀಗೆ, ಅಲ್ವಾ?

ಆದರೆ ನನ್ನ ಅಂಗಡಿಯಲ್ಲಿ ಗಿರಾಕಿಯನ್ನು ಕಟ್ಟಿಹಾಕಿರುವುದು ಒಪ್ಪಂದವಲ್ಲ, ಲೆಕ್ಕ ಬರೆಯುವ ಟ್ಯಾಲಿ ಮತ್ತು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ. ಕೊಬ್ಬರಿ ಮಂಡಿಯವರಿಗೆ ಟ್ಯಾಲಿ ಇಲ್ಲದೆ ದಿನ ಸಾಗದು. ಡಿಟಿಪಿಯವರ ಹಳೇ ಫೈಲುಗಳೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿವೆ. ಲಿನಕ್ಸ್‌ನಲ್ಲೂ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿಗುತ್ತದೆ, ಹೊಸದಾಗಿ ಟೈಪ್ ಮಾಡುವವರಿಗೆ ತೊಂದರೆ ಇಲ್ಲ. ಹಳೇದನ್ನು ಕನ್ವರ್ಟ್ ಮಾಡುವುದೇ ತಲೆನೋವು. ಇವರಿಗೆಲ್ಲ ನಾನು ವಿಂಡೋಸ್ ಇರುವ ಮಾಡೆಲ್ಲೇ ತಗೊಳ್ಳಿ ಅನ್ನುತ್ತೇನೆ, ಲೈಸೆನ್ಸ್ ಬಿಡಿಯಾಗಿ ಕೊಂಡರೆ ಜಾಸ್ತಿ ಬೀಳುತ್ತದೆ. ಕೋಡಿಂಗ್ ಕಲಿಯುವ ಹುಡುಗರಿಗೆ ಡಾಸ್ ಪೀಸು ಕೊಟ್ಟು ಉಬುಂಟು ಲಿನಕ್ಸ್ ಹಾಕಿಕೊಡುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ತಯಾರಕರಿಗೇನು, ಹೊಸ ಮೆಷಿನ್ ಮಾರಲು ಇನ್ನೊಂದು ನೆಪ. ಬ್ರೌಸರ್, ಯೂಟ್ಯೂಬ್ ಅಷ್ಟೇ ಸಾಕು ಅನ್ನುವವರ 6ನೇ ಜನರೇಷನ್ ಪಿಸಿಗೆ ನಾನು ಒಂದು ಎಸ್‌ಎಸ್‌ಡಿ ಕೂರಿಸಿ ಮಿಂಟ್ ಹಾಕುತ್ತೇನೆ. ಟ್ಯಾಲಿ ಕೇಳದಿದ್ದರೆ ಸರಿ.