ಅಕ್ಕಿ ಗಿರಣಿಯ ಜನರೇಟರ್ ಕೋಣೆಗೆ ಗಾಳಿದಾರಿ

ಗಂಗಾವತಿ, ಕಾರಟಗಿ ಕಡೆಯ ಗಿರಣಿಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಜನರೇಟರ್ ಕಾದು ನಿಂತರೆ ಮೊದಲು ಬೈಸಿಕೊಳ್ಳುವುದು ರೇಡಿಯೇಟರ್. ನಮ್ಮ 62.5 ಕೆವಿಎ ಸೆಟ್ಟಿನಲ್ಲಿ ತಪ್ಪು ಇದ್ದದ್ದು ಕೋಣೆಯಲ್ಲಿ. ಹೊರಗೆ 41 ಡಿಗ್ರಿ ಇದ್ದಾಗ ಏರ್ ಫಿಲ್ಟರ್ ಬಾಯಲ್ಲಿ ಥರ್ಮಾಮೀಟರ್ 58 ತೋರಿಸುತ್ತಿತ್ತು. ರೇಡಿಯೇಟರ್ ಉಗುಳಿದ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಒಳಗೇ ಸುತ್ತುತ್ತಿತ್ತು. ಗಾಳಿ ಹತ್ತು ಡಿಗ್ರಿ ಕಾದರೆ ಅದರ ಸಾಂದ್ರತೆ ಸುಮಾರು 3% ಇಳಿಯುತ್ತದೆ. ಅಷ್ಟರಮಟ್ಟಿಗೆ ಎಂಜಿನ್ನಿಗೆ ಉಸಿರು ಕಡಿಮೆ, ಹೊಗೆ ಕಪ್ಪು.

ಚಾವಣಿಯ ಹತ್ತಿರ ಎಕ್ಸಾಸ್ಟ್ ಫ್ಯಾನ್ ಹಾಕಿದ್ದರಿಂದ ಉಪಯೋಗ ಆಗಲಿಲ್ಲ. ಗಾಳಿ ಒಳಬರುವ ಕಿಂಡಿ ಚಿಕ್ಕದಿದ್ದರೆ ಆ ಫ್ಯಾನು ರೇಡಿಯೇಟರ್ ಫ್ಯಾನಿನ ಜೊತೆ ಹಗ್ಗಜಗ್ಗಾಟಕ್ಕೆ ನಿಲ್ಲುತ್ತದೆ. ಸೆಟ್ ಓಡುವಾಗ ಬಾಗಿಲನ್ನು ಒಂದು ಅಂಗುಲ ತೆರೆದು ಹಿಡಿದು ನೋಡಿ: ಸಂದಿಯಿಂದ ಗಾಳಿ ಒಳಗೆ ಜೋರಾಗಿ ನುಗ್ಗಿದರೆ ಕಿಂಡಿ ಸಾಲದು ಎಂದೇ ಅರ್ಥ.

ಅಳತೆಗೆ ಆಧಾರ ರೇಡಿಯೇಟರಿನ ಜಾಲರಿ ಭಾಗ. ನಮ್ಮದು 2 ಅಡಿಗೆ 2 ಅಡಿ, ಅಂದರೆ 4 ಚದರಡಿ. ಹೊರಹೋಗುವ ಕಿಂಡಿ ಅದರ ಒಂದೂಕಾಲು ಪಟ್ಟು, 5 ಚದರಡಿ. ಒಳಬರುವುದು ಒಂದೂವರೆ ಪಟ್ಟು, 6 ಚದರಡಿ. ಆದರೆ ಇದು ಬರೀ ಗಾಳಿ ಹಾಯುವ ಜಾಗದ ಲೆಕ್ಕ. ಲೂವರ್ ಎಂಬ ಓರೆ ಪಟ್ಟಿಯೂ ಜಾಳಿಯೂ ಸೇರಿ ಅರ್ಧದಷ್ಟು ನುಂಗುತ್ತವೆ, ಹಾಗಾಗಿ ಒಳಬರುವ ಕಿಂಡಿಗೆ ಗೋಡೆಯಲ್ಲಿ 3 ಅಡಿಗೆ 4 ಅಡಿ ಒಡೆಸಿದೆವು. ಹೆಚ್ಚಿನವರು ಎಡವುವುದು ಇಲ್ಲೇ.

ಒಳಬರುವ ಕಿಂಡಿ ಆಲ್ಟರ್ನೇಟರ್ (ಸೆಟ್ಟಿನಲ್ಲಿ ಕರೆಂಟ್ ಹುಟ್ಟಿಸುವ ಭಾಗ) ಹಿಂದಿನ ಗೋಡೆಯಲ್ಲೇ ಇರಬೇಕು. ತಂಪುಗಾಳಿ ಮೊದಲು ಆಲ್ಟರ್ನೇಟರ್ ಮೇಲೆ, ಆಮೇಲೆ ಎಂಜಿನ್ ಮೇಲೆ ಹಾದು ರೇಡಿಯೇಟರ್ ಮೂಲಕ ಹೊರಗೆ ಹೋಗಬೇಕು. ನಮ್ಮ ಕಡೆ ಮುಂಗಾರಿನ ಗಾಳಿ ಪಶ್ಚಿಮದಿಂದ ಜೋರು, ಆದ್ದರಿಂದ ಹೊರಕಿಂಡಿ ಪೂರ್ವಕ್ಕೆ ಮಾಡಿದೆವು. ಅಲ್ಲಿ ಹೊಟ್ಟಿನ ರಾಶಿ ಇದ್ದದ್ದರಿಂದ ಬಿಸಿಗಾಳಿಯನ್ನು ಮೇಲಕ್ಕೆ ತಿರುಗಿಸುವ ತಗಡಿನ ಮೂತಿ ಕೂರಿಸಿ, ರಾಶಿಯನ್ನೂ ದೂರಕ್ಕೆ ಸರಿಸಿದೆವು.

ರೇಡಿಯೇಟರ್‌ಗೂ ಗೋಡೆಗೂ ನಡುವೆ ಕ್ಯಾನ್ವಾಸ್ ಕೊಳವೆ ಹೊಲಿಸಿದೆವು. ಬಿಗಿಯಾಗಿ ಎಳೆದು ಕಟ್ಟಿದರೆ ಎಂಜಿನ್ನಿನ ನಡುಕಕ್ಕೆ ಹೊಲಿಗೆ ಹರಿಯುತ್ತದೆ, ಸ್ವಲ್ಪ ಸಡಿಲ ಬಿಡಬೇಕು. ಅಂಚಿನಲ್ಲಿ ಬೆರಳು ತೂರುವಷ್ಟು ಸಂದಿ ಉಳಿದರೂ ಬಿಸಿಗಾಳಿ ಒಳಗೆ ಸೋರುತ್ತದೆ. ಉರಿಯುವ ಊದುಬತ್ತಿಯನ್ನು ಅಂಚಿನ ಸುತ್ತ ಹಿಡಿದು ನಡೆದರೆ ಹೊಗೆ ಚದುರುವ ಜಾಗವೇ ಸೋರಿಕೆ.

ಕೋಣೆಯೊಳಗಿನ ಸೈಲೆನ್ಸರ್ ಪೈಪಿಗೆ 2 ಅಂಗುಲ ಗಾಜಿನ ಉಣ್ಣೆ ಸುತ್ತಿ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿದೆವು. ಆ ಪೈಪಿನಲ್ಲಿ ಬಳುಕುವ ಮಡಿಕೆ ತುಂಡು ಇರುತ್ತದಲ್ಲ, ಆ ಬೆಲ್ಲೋಸ್ ಮೇಲೆ ಸುತ್ತಬೇಡಿ, ಅದು ಅಲುಗಾಡಬೇಕು. ಅದರ ಸುತ್ತ ಕಪ್ಪು ಮಸಿ ಕಂಡರೆ ವಿಷದ ಹೊಗೆ ಕೋಣೆಗೆ ಬರುತ್ತಿದೆ ಎಂದೇ ತಿಳಿದು ಆಗಲೇ ಸೆಟ್ ನಿಲ್ಲಿಸಿ.

ಇಷ್ಟಾದ ಮೇಲೆ ಅದೇ 41 ಡಿಗ್ರಿಗೆ ಫಿಲ್ಟರ್ ಬಾಯಲ್ಲಿ 47 ಬಂತು.

ಗಿರಣಿಯಲ್ಲಿ ಇನ್ನೊಂದು ಕಾಟವಿದೆ, ತೌಡು. ಎಂಜಿನ್ನಿನ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪ್ ಕೋಣೆಯೊಳಗೇ ಬಿಟ್ಟಿದ್ದರೆ ಅದರಿಂದ ಬರುವ ಎಣ್ಣೆಯ ಆವಿ ರೇಡಿಯೇಟರ್ ರೆಕ್ಕೆಗಳ ಮೇಲೆ ಕೂರುತ್ತದೆ, ತೌಡಿನ ಧೂಳು ಅದಕ್ಕೆ ಹತ್ತಿ ಕಲಸಿದ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ರಬ್ಬರ್ ಪೈಪ್ ಜೋಡಿಸಿ ಆ ಆವಿಯನ್ನು ಹೊರಗೆ ಬಿಟ್ಟೆವು. ಫ್ಯಾನ್ ಗಾಳಿಯನ್ನು ಹೊರಕ್ಕೆ ತಳ್ಳುವುದರಿಂದ ಕಸ ಎಂಜಿನ್ ಕಡೆಯ ಮುಖದಲ್ಲಿ ಕೂತಿರುತ್ತದೆ. ಆದ್ದರಿಂದ ಕಂಪ್ರೆಸರ್ ಗಾಳಿಯನ್ನು ಹೊರಗಡೆಯಿಂದ ಒಳಕ್ಕೆ, ಒಂದು ಅಡಿ ದೂರದಿಂದ ಹಾಯಿಸಬೇಕು. ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಆ ದಾರಿ ಮುಚ್ಚಿಹೋಗುತ್ತದೆ.